ಸಮುದ್ರಯಾನಿಗಳ ಕಥನ: ನಿಜವೆಷ್ಟು, ಬುರುಡೆಯೆಷ್ಟು?



ಪಲ್ಲಾವರಂನಿಂದ ಬೀಚ್ ಕಡೆಗೆ ಹೋಗುವ ರೈಲಿನಲ್ಲಿ ನಾಲ್ಕನೆಯ ನಿಲ್ದಾಣ ಪರಂಗಿಮಲೈ. ನಮ್ಮಲ್ಲಿ ಹಲವರು ದಿನಕ್ಕೆರಡು ಬಾರಿ ಆ ಫಲಕವನ್ನು ನೋಡುತ್ತಲೇ ಕಚೇರಿಗೆ ಹೋಗಿಬಂದವರು. ಪರಂಗಿ ಎಂದರೆ ಫರಂಗಿ, ಕಡಲು ದಾಟಿ ಬಂದ ಪರದೇಶಿ. ನಾವು ತಿನ್ನುವ ಪರಂಗಿ ಹಣ್ಣಿಗೂ ಅವನದೇ ಹೆಸರು. ಅಲ್ಲಿಂದ ಮೈಲಾಪುರಕ್ಕೆ ಹೋದರೆ ಲಸ್ ಚರ್ಚು ಇದೆ. ಬಿರುಗಾಳಿಗೆ ಸಿಕ್ಕಿ ದಾರಿ ತಪ್ಪಿದ ಪೋರ್ಚುಗೀಸ್ ನಾವಿಕರಿಗೆ ದಡದಲ್ಲೊಂದು ಬೆಳಕು ಕಂಡಿತಂತೆ. ಆ ಬೆಳಕನ್ನೇ ಹಿಡಿದು ಅವರು ದಡ ಸೇರಿದರಂತೆ. ಅದು ಕಾಡಿನೊಳಗೆ ಎಲ್ಲಿ ಮಾಯವಾಯಿತೋ ಅಲ್ಲಿ ಗುಡಿ ಕಟ್ಟಿಸಿದರಂತೆ. ಲುಜ್ ಎಂದರೆ ಅವರ ಭಾಷೆಯಲ್ಲಿ ಬೆಳಕು. ಅಲ್ಲಿಯ ಶಾಸನ 1516 ಎಂಬ ವರ್ಷವನ್ನು ಹೇಳುತ್ತದೆ. ಆ ವರ್ಷದ ಬಗೆಗೇ ಕೆಲವು ಇತಿಹಾಸಕಾರರಿಗೆ ಸಂಶಯವಿದೆ. ಚರ್ಚಂತೂ ನಿಂತಿದೆ, ಸುಳ್ಳಲ್ಲ. ನಾವಿಕರು ಬಂದದ್ದೂ ಸುಳ್ಳಲ್ಲ. ಬೆಳಕಿನ ವಿಷಯವನ್ನು ಮಾತ್ರ ಬಂದವರ ಬಾಯಿಂದಲೇ ನಾವು ಕೇಳಿದ್ದು. ಕಡಲ ಕಥೆಗಳೆಲ್ಲದರ ಸ್ವರೂಪವೂ ಸುಮಾರಾಗಿ ಇದೇ.

ಈ ವಿಷಯವನ್ನು ನಾನೇಕೆ ಆರಿಸಿಕೊಂಡೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಲವು ವರ್ಷಗಳ ಹಿಂದೆ ಒಂದು ರಾಜ್ಯೋತ್ಸವ ಸಮಾರಂಭದಲ್ಲಿ ನಾನು ವಿಜಯನಗರದ ವೈಭವವನ್ನು ಕುರಿತು ಮಾತನಾಡಿದೆ. ಮುತ್ತು ರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರು ಎಂದೆ. ಹನ್ನೊಂದು ಲಕ್ಷ ಸೈನ್ಯ ಎಂದೆ. ಅಬ್ದುರ್ ರಜಾಕ್, ಪಾಯಸ್, ನೂನಿಜ್ ಎಂದು ಹೆಸರುಗಳನ್ನು ಪೋಣಿಸಿದೆ. ಚಪ್ಪಾಳೆ ಬಂದಿತು. ಊಟದ ಸಾಲಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಹತ್ತಿರ ಬಂದು, “ಸ್ವಾಮಿ, ನೂನಿಜ್‌ನನ್ನು ಪೂರ್ತಿ ಓದಿದ್ದೀರಾ? ಒಕ್ಕಲು ಮಕ್ಕಳ ವಿಷಯ ಅವನು ಬರೆದಿರುವುದನ್ನು ಯಾಕೆ ಬಿಟ್ಟಿರಿ?” ಎಂದು ಮೆಲ್ಲಗೆ ಕೇಳಿದರು. ನಾನು ಪೂರ್ತಿ ಓದಿರಲಿಲ್ಲ. ಯಾವುದೋ ಸ್ಮರಣ ಸಂಚಿಕೆಯಲ್ಲಿದ್ದ ಆಯ್ದ ಸಾಲುಗಳನ್ನು ನಂಬಿಕೊಂಡು ಭಾಷಣ ಬರೆದಿದ್ದೆ. ಆ ವಾರವೇ ರಾಬರ್ಟ್ ಸೂಯೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಗ್ರಂಥವನ್ನು ತಂದು ಓದತೊಡಗಿದೆ. ಅಂದಿನಿಂದ ಈ ಯಾತ್ರಿಕರ ಸಹವಾಸ ಬಿಟ್ಟಿಲ್ಲ.

ನನ್ನದು ಸರ್ಕಾರಿ ಕಡತಗಳ ನಡುವೆ ಕಳೆದ ಆಯುಷ್ಯ. ಅದರಲ್ಲಿ ಪ್ರಯಾಣ ಭತ್ಯೆಯ ಬಿಲ್ಲುಗಳನ್ನು ಪರಿಶೀಲಿಸುವ ಕೆಲಸವೂ ಕೆಲವು ವರ್ಷ ಪಾಲಿಗೆ ಬಂದಿತ್ತು. ಆ ಅನುಭವದಿಂದ ಒಂದು ಮಾತು ಹೇಳಬಲ್ಲೆ. ಹೋಗದ ಊರಿಗೆ ಬರೆದ ಬಿಲ್ಲು ನೋಡಲು ಬಹಳ ಅಚ್ಚುಕಟ್ಟಾಗಿರುತ್ತದೆ. ನಿಜವಾಗಿ ಹೋಗಿಬಂದವನ ಬಿಲ್ಲಿನಲ್ಲಿ ಏನಾದರೊಂದು ಒರಟು ಇದ್ದೇ ಇರುತ್ತದೆ: ತಪ್ಪಿದ ರೈಲು, ಸಿಕ್ಕದ ಕೋಣೆ, ಅನಗತ್ಯವಾಗಿ ಕೊಟ್ಟ ಕೂಲಿ. ಮನುಷ್ಯನು ತನಗೆ ಲಾಭವಿರುವಲ್ಲಿ ಹಿಗ್ಗಿಸಿ ಬರೆಯುತ್ತಾನೆ. ಲಾಭವಿಲ್ಲದ ಕಡೆ ಅವನಿಗೆ ಸುಳ್ಳು ಹೇಳುವ ಶ್ರಮ ಬೇಡ. ಸಮುದ್ರಯಾನಿಗಳನ್ನೂ ನಾನು ಹೀಗೆಯೇ ಓದುತ್ತ ಬಂದಿದ್ದೇನೆ. ನಾವಿಕರು ಎಂಬ ಮಾತನ್ನು ಇಲ್ಲಿ ಸ್ವಲ್ಪ ಸಡಿಲವಾಗಿ ಬಳಸುತ್ತಿದ್ದೇನೆ. ಇವರಲ್ಲಿ ವರ್ತಕರು, ರಾಯಭಾರಿಗಳು, ಕಡಲ್ಗಳ್ಳರು ಎಲ್ಲರೂ ಇದ್ದಾರೆ. ಹಡಗಿನಲ್ಲಿ ಪ್ರಾಣ ಪಣಕ್ಕಿಟ್ಟು ಬಂದು ಕಥೆ ಹೇಳಿದವರು ಎಂಬುದಷ್ಟೇ ಸಮಾನ.

ಎಲ್ಲರೂ ಬಲ್ಲ ಒಂದು ಬುರುಡೆಯಿಂದ ಆರಂಭಿಸೋಣ. ಸಿಂದಬಾದ್ ನಾವಿಕನ ವಜ್ರದ ಕಣಿವೆ. ಇಳಿಯಲಾಗದ ಕಣಿವೆ, ತುಂಬ ಹಾವುಗಳು. ಮೇಲಿನಿಂದ ಮಾಂಸದ ತುಂಡು ಎಸೆಯುತ್ತಾರೆ, ವಜ್ರಗಳು ಅಂಟಿಕೊಳ್ಳುತ್ತವೆ, ಹದ್ದುಗಳು ಮಾಂಸವನ್ನು ಎತ್ತಿ ತರುತ್ತವೆ, ಜನ ಹದ್ದನ್ನು ಓಡಿಸಿ ವಜ್ರ ಆರಿಸಿಕೊಳ್ಳುತ್ತಾರೆ. 13ನೆಯ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ ಇದೇ ಕಥೆಯನ್ನು ಆಂಧ್ರ ತೀರದ ಮೋಟುಪಲ್ಲಿಯ ರಾಜ್ಯಕ್ಕೆ ಅಂಟಿಸಿದನು. 15ನೆಯ ಶತಮಾನದಲ್ಲಿ ವೆನಿಸ್ ಕಡೆಯ ನಿಕೊಲೊ ಕಾಂಟಿ ಅದನ್ನು ನಮ್ಮ ವಿಜಯನಗರಕ್ಕೆ ಉತ್ತರದಲ್ಲಿ ಹದಿನೈದು ದಿನಗಳ ದಾರಿಯ ಬೆಟ್ಟವೊಂದಕ್ಕೆ ಸಾಗಿಸಿದನು. ಇವರಿಬ್ಬರಿಗಿಂತ ಬಹಳ ಹಿಂದೆ, 4ನೆಯ ಶತಮಾನದಲ್ಲಿಯೇ, ಸೈಪ್ರಸ್ ದ್ವೀಪದ ಎಪಿಫಾನಿಯಸ್ ಎಂಬ ಬಿಷಪ್ ಇಂಥದೇ ಕಥೆಯನ್ನು ಬೇರೊಂದು ದೇಶದ ಬೇರೊಂದು ರತ್ನದ ಬಗ್ಗೆ ಬರೆದಿಟ್ಟಿದ್ದನು. ಹಾಗಾದರೆ ಇಬ್ಬರೂ ಸುಳ್ಳುಗಾರರೆ? ಪೋಲೊ ಅದೇ ಅಧ್ಯಾಯದಲ್ಲಿ, ಆ ನಾಡನ್ನು ರಾಣಿಯೊಬ್ಬಳು ನ್ಯಾಯದಿಂದ ಆಳುತ್ತಿದ್ದಳು ಎನ್ನುತ್ತಾನೆ. ಅವಳು ಕಾಕತೀಯರ ರುದ್ರಮದೇವಿ. ಸತ್ತ ರಾಜನ ಹೆಂಡತಿ ಎಂದು ಅವನು ಬರೆದದ್ದು ತಪ್ಪು, ಅವಳು ಗಣಪತಿದೇವನ ಮಗಳು. ಆದರೆ ರಾಣಿ ನಿಜ, ಆಡಳಿತ ನಿಜ, ವಜ್ರವೂ ನಿಜ. ವಿಜಯನಗರದ ಆಳ್ವಿಕೆಗೆ ಸೇರಿದ್ದ ವಜ್ರಕರೂರಿನ ಸುತ್ತಿನ ಹೊಲಗಳಲ್ಲಿ ಮುಂಗಾರು ಬಿದ್ದ ಮೇಲೆ ಜನ ಇಂದಿಗೂ ತಲೆ ತಗ್ಗಿಸಿಕೊಂಡು ವಜ್ರ ಹುಡುಕುತ್ತ ನಡೆಯುತ್ತಾರೆ. ಹದ್ದಿನ ವಿಷಯಕ್ಕೂ ಭೂಗರ್ಭಶಾಸ್ತ್ರಜ್ಞ ವ್ಯಾಲೆಂಟೈನ್ ಬಾಲ್ ಒಂದು ವಿವರಣೆ ಕೊಟ್ಟಿದ್ದಾನೆ: ಹೊಸ ಗಣಿ ತೆರೆಯುವಾಗ ಪ್ರಾಣಿಬಲಿ ಕೊಡುವ ಪದ್ಧತಿ ಇತ್ತು, ಆ ಮಾಂಸಕ್ಕೆ ಹದ್ದುಗಳು ಎರಗುತ್ತಿದ್ದವು, ದೂರದಿಂದ ಕಂಡವರು ಕಥೆ ಕಟ್ಟಿದರು ಎಂದು. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ನನಗಂತೂ, ವಜ್ರದ ವ್ಯಾಪಾರಿಗಳೇ ಗಿರಾಕಿಯನ್ನು ಗಣಿಯ ಹತ್ತಿರ ಸುಳಿಯಗೊಡದಿರಲು ಇದನ್ನು ಬಾಯಿಂದ ಬಾಯಿಗೆ ಸಾಕಿಕೊಂಡು ಬಂದರೇನೋ ಎನ್ನಿಸುತ್ತದೆ.

ಈ ಕಾಂಟಿಯ ಪುಸ್ತಕ ಹುಟ್ಟಿದ ಬಗೆಯೇ ವಿಚಿತ್ರ. ಪರದೇಶದಲ್ಲಿ ಹೆಂಡತಿ ಮಕ್ಕಳ ಪ್ರಾಣ ಉಳಿಸಿಕೊಳ್ಳಲು ಅವನು ಕ್ರೈಸ್ತ ಮತವನ್ನು ತೊರೆಯಬೇಕಾಯಿತು. ಮರಳಿ ಬಂದು ಪೋಪನ ಕ್ಷಮೆ ಬೇಡಿದಾಗ, ಕಂಡದ್ದನ್ನೆಲ್ಲ ಪೋಪನ ಕಾರ್ಯದರ್ಶಿ ಪೊಗ್ಗಿಯೊನಿಗೆ ಸತ್ಯವಾಗಿ ಹೇಳುವುದೇ ಪ್ರಾಯಶ್ಚಿತ್ತವೆಂದು ವಿಧಿಸಿದರೆಂದು ಪ್ರತೀತಿ. ಪ್ರಾಯಶ್ಚಿತ್ತದ ಹೇಳಿಕೆಯಲ್ಲೂ ಹದ್ದು ಹಾರಿತು ನೋಡಿ! ಅದೇ ಹೇಳಿಕೆಯಲ್ಲಿ ವಿಜಯನಗರದ ಅರಸನಿಗೆ ಹನ್ನೆರಡು ಸಾವಿರ ಹೆಂಡಿರು ಎಂದಿದೆ. ನಾಲ್ಕು ಸಾವಿರ ಮಂದಿ ನಡೆದು ಬರುವವರು, ಅಡುಗೆಯ ಕೆಲಸದವರು, ನಾಲ್ಕು ಸಾವಿರ ಕುದುರೆಯ ಮೇಲೆ, ಉಳಿದವರು ಪಲ್ಲಕ್ಕಿಯಲ್ಲಿ. ಓದಿದೊಡನೆ ನಗು ಬರುತ್ತದೆ. ಆದರೆ ಸುಮಾರು ನೂರು ವರ್ಷಗಳ ತರುವಾಯ, ಕೃಷ್ಣದೇವರಾಯನ ಕಾಲದಲ್ಲಿ ಬಂದ ಡೊಮಿಂಗೊ ಪಾಯಸ್ ಅರಸನ ವಿವಾಹಿತ ಪತ್ನಿಯರು ಹನ್ನೆರಡು ಎಂದು ಹೇಳಿ, ಅರಮನೆಯೊಳಗೆ ಹನ್ನೆರಡು ಸಾವಿರಕ್ಕೂ ಹೆಚ್ಚು ಹೆಂಗಸರಿದ್ದಾರೆಂದು ಕೇಳಿದ್ದಾಗಿ ಬರೆಯುತ್ತಾನೆ: ಕತ್ತಿ ಗುರಾಣಿ ಹಿಡಿಯುವವರು, ಕುಸ್ತಿಯಾಡುವವರು, ಕಹಳೆ ಊದುವವರು. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಕಾಂಟಿ ಅಂತಃಪುರದ ಮಂಜೂರಾದ ಹುದ್ದೆಗಳ ಪಟ್ಟಿಯನ್ನೇ ಹೆಂಡಿರ ಪಟ್ಟಿಯೆಂದು ಓದಿಕೊಂಡಿದ್ದಾನೆ. ಸಂಖ್ಯೆಯನ್ನು ನಾನು ನಂಬುವುದಿಲ್ಲ. ಆದರೆ ಹನ್ನೆರಡು ಸಾವಿರ ಎಂಬ ಮಾತು ಊರಿನಲ್ಲಿ ನೂರು ವರ್ಷ ಚಲಾವಣೆಯಲ್ಲಿತ್ತು ಎಂಬುದನ್ನು ನಂಬುತ್ತೇನೆ. ಇನ್ನು ಹಬ್ಬಗಳ ವಿಷಯದಲ್ಲಿ ಕಾಂಟಿಗೆ ಲಾಭವೇನೂ ಇರಲಿಲ್ಲ. ಒಂದು ಹಬ್ಬದಲ್ಲಿ ಎಲ್ಲರೂ ಮಿಂದು ಹೊಸ ಬಟ್ಟೆ ಉಡುತ್ತಾರೆ. ಇನ್ನೊಂದರಲ್ಲಿ ಲೆಕ್ಕವಿಲ್ಲದಷ್ಟು ದೀಪ ಹಚ್ಚುತ್ತಾರೆ. ಮತ್ತೊಂದರಲ್ಲಿ ದಾರಿಹೋಕರ ಮೇಲೆ, ರಾಜ ರಾಣಿಯರ ಮೇಲೆಯೂ, ಬಣ್ಣದ ನೀರು ಎರಚುತ್ತಾರೆ. ಇದಕ್ಕೆ ಸಾಕ್ಷಿ ಹುಡುಕಬೇಕಾಗಿಲ್ಲ.

ಅಬ್ದುರ್ ರಜಾಕ್ ಪರ್ಷಿಯದ ದೊರೆ ಶಾರುಖ್‌ನ ರಾಯಭಾರಿ. 1443ರಲ್ಲಿ ಕಲ್ಲಿಕೋಟೆಯಿಂದ ಮಂಗಳೂರು, ಬಿದನೂರುಗಳ ದಾರಿಯಲ್ಲಿ ವಿಜಯನಗರಕ್ಕೆ ಬಂದವನು. ಸಾಹಸಿಯೇನಲ್ಲ. ಹೋರ್ಮುಜ್‌ನಲ್ಲಿ ಹಡಗು ಹತ್ತಿದ ಕೂಡಲೇ ಮೂರ್ಛೆಹೋದೆ, ಮೂರು ದಿನ ಉಸಿರೊಂದೇ ಉಳಿದಿತ್ತು ಎಂದು ತಾನೇ ಬರೆದುಕೊಂಡಿದ್ದಾನೆ. ಹೀಗೆ ತನ್ನ ಹೇಡಿತನವನ್ನು ಒಪ್ಪಿಕೊಳ್ಳುವವನ ಮೇಲೆ ನನಗೆ ವಿಶ್ವಾಸ ಹುಟ್ಟುತ್ತದೆ. ವಿಜಯನಗರದಲ್ಲಿ ತನಗೆ ದಿನವೊಂದಕ್ಕೆ ಸಿಗುತ್ತಿದ್ದ ಭತ್ಯೆಯನ್ನು ಅವನು ಚಾಚೂ ತಪ್ಪದೆ ಕೊಟ್ಟಿದ್ದಾನೆ: ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಎರಡು ವರಹ. ಸಕ್ಕರೆಯ ಲೆಕ್ಕ ಇಟ್ಟವನು ಅಲ್ಲಿ ಇದ್ದುದು ಖಂಡಿತ. ಅಷ್ಟೇ ಅಲ್ಲ, ಹೊಸ ಅಧಿಕಾರಿಯೊಬ್ಬನು ಬಂದು ಈ ಭತ್ಯೆಯನ್ನು ನಿಲ್ಲಿಸಿದ್ದು, ಹೋರ್ಮುಜ್‌ನ ವ್ಯಾಪಾರಿಗಳು ಇವನು ನಿಜವಾದ ರಾಯಭಾರಿಯೇ ಅಲ್ಲವೆಂದು ಚಾಡಿ ಹೇಳಿದ್ದು, ಎಲ್ಲವೂ ಇದೆ. ಆದರೆ ಸೈನ್ಯ ಹನ್ನೊಂದು ಲಕ್ಷ, ಬಂದರುಗಳು ಮುನ್ನೂರು, ಒಂದೊಂದೂ ಕಲ್ಲಿಕೋಟೆಯಷ್ಟು ದೊಡ್ಡದು ಎಂದಾಗ ಅವನು ರಾಯಭಾರಿಯಾಗಿ ಮಾತನಾಡುತ್ತಿದ್ದಾನೆ. ತನ್ನನ್ನು ಕರೆಸಿಕೊಂಡ ದೊರೆ ಚಿಕ್ಕವನಾದರೆ ತನ್ನ ಪ್ರಯಾಣವೂ ಚಿಕ್ಕದಾಗುತ್ತದೆಯಲ್ಲ! ಇನ್ನು, ರತ್ನಪಡಿ ವ್ಯಾಪಾರಿಗಳು ಅಂಗಡಿಬೀದಿಯಲ್ಲಿ ಬಹಿರಂಗವಾಗಿ ಮುತ್ತು, ಪಚ್ಚೆ, ಕೆಂಪು ಮಾರುತ್ತಾರೆ ಎಂದು ಅವನು ಹೇಳಿದ್ದಾನೆ. ಬಳ್ಳ ಎಲ್ಲಿಂದ ಬಂತೆಂದು ರಜಾಕ್‌ನಲ್ಲಿ ಹುಡುಕಿದೆ, ಪಾಯಸ್‌ನಲ್ಲಿ ಹುಡುಕಿದೆ. ಇಬ್ಬರಲ್ಲೂ ಇಲ್ಲ. ಬಳ್ಳ ನಮ್ಮದು. ಪರದೇಶದ ನಾವಿಕನ ಬುರುಡೆಯನ್ನು ಕಂಡು ನಗುವ ನಾವು ಅವನೇ ಹೇಳದ ಬುರುಡೆಯನ್ನು ಅವನ ಹೆಸರಿನಲ್ಲಿ ಶಾಲೆಯ ಮಕ್ಕಳಿಗೆ ಕಲಿಸುತ್ತಿದ್ದೇವೆ.

ಬುರುಡೆಯೆಂದು ತಳ್ಳಿಹಾಕಿದ್ದು ಒಮ್ಮೊಮ್ಮೆ ಅಪ್ಪಟ ವರದಿಯಾಗಿರುತ್ತದೆ. ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಹೋರ್ಮುಜ್‌ನಿಂದ ಕಡಲು ದಾಟಿ ಚೌಲ್ ರೇವಿನಲ್ಲಿಳಿದು, ಜುನ್ನರದ ಮೇಲೆ ಬೀದರಿಗೆ ಬಂದು, 1470ರ ಆಸುಪಾಸಿನಲ್ಲಿ ಬಹಮನಿ ರಾಜ್ಯದಲ್ಲಿ ಬಾಳಿದವನು. ನಿಮ್ಮಲ್ಲಿ ಹಿರಿಯರು 1957ರ ‘ಪರದೇಸಿ’ ಚಿತ್ರವನ್ನು ನೋಡಿರಬಹುದು. ಅದರ ನಾಯಕ ಇವನೇ. ಇವನ ಟಿಪ್ಪಣಿಯಲ್ಲಿ ಅಳ್ಯಂದ್ ಎಂಬ ಊರಿನ ಜಾತ್ರೆಯ ವರ್ಣನೆ ಬರುತ್ತದೆ. ಶೇಖ್ ಅಲಾವುದ್ದೀನನ ನೆನಪಿನ ಜಾತ್ರೆ. ದೇಶದ ಎಲ್ಲೆಡೆಯಿಂದ ವ್ಯಾಪಾರಿಗಳು, ಇಪ್ಪತ್ತು ಸಾವಿರ ಕುದುರೆಗಳು. ಅದು ಕಲಬುರಗಿ ಜಿಲ್ಲೆಯ ಆಳಂದ. ಶೇಖ್ ಅಲಾವುದ್ದೀನ್ ಅನ್ಸಾರಿ ಎಂದರೆ ನಮ್ಮ ಜನ ಇಂದಿಗೂ ನಡೆದುಕೊಳ್ಳುವ ಆಳಂದದ ಲಾಡ್ಲೆ ಮಶಾಯಕ್ ದರ್ಗಾದ ಸಂತ. ಆ ಊರಿನಲ್ಲಿ ‘ಗುಕುಕ್’ ಎಂಬ ಹಕ್ಕಿ ಇದೆಯೆಂದೂ, ಅದು ರಾತ್ರಿ ಹೊತ್ತು ಹಾರುತ್ತ ಗುಕುಕ್ ಎಂದು ಕೂಗುವುದೆಂದೂ, ಯಾರ ಮನೆಯ ಮೇಲೆ ಕೂರುವುದೋ ಆ ಮನೆಯಲ್ಲಿ ಸಾವಾಗುವುದೆಂದೂ, ಕೊಲ್ಲಹೋದರೆ ಬಾಯಿಂದ ಬೆಂಕಿ ಉಗುಳುವುದೆಂದೂ ನಿಕಿತಿನ್ ಬರೆದಿದ್ದಾನೆ.

ಇದನ್ನು ಓದಿದಾಗ ನನಗೆ ಅಜ್ಜಿಯ ನೆನಪಾಯಿತು. ಮುಸ್ಸಂಜೆಯಲ್ಲಿ ಮಾಳಿಗೆಯ ಮೇಲೆ ಗೂಗೆ ಕೂಗಿದರೆ ಆಕೆ ಉಪ್ಪು ಹಿಡಿದುಕೊಂಡು ಹೊರಗೆ ಓಡುತ್ತಿದ್ದಳು, ಹೆಸರೆತ್ತಿದರೂ ಬೈಯುತ್ತಿದ್ದಳು. ಗೂಗೆ! ಐನೂರೈವತ್ತು ವರ್ಷಗಳ ಹಿಂದೆ ರಷ್ಯದವನೊಬ್ಬ ಆಳಂದದ ಯಾವುದೋ ಜಗಲಿಯಲ್ಲಿ ಕುಳಿತು ಯಾರದೋ ಅಜ್ಜಿಯ ಬಾಯಿಂದ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದುಕೊಂಡಿದ್ದಾನೆ. ಬೆಂಕಿ ಉಗುಳುವ ಹಕ್ಕಿ ಇಲ್ಲ, ನಿಜ. ಅಜ್ಜಿ ಇದ್ದಳು. ಹೀಗಿರುವಲ್ಲಿ ಸುಳ್ಳು ಹೇಳಿದವನು ಯಾತ್ರಿಕನೆಂದು ಹೇಗೆ ಹೇಳುವುದು?

ಇದೇ ನಿಕಿತಿನ್ ಬೀದರಿನ ಸುಲ್ತಾನನ ಮೆರವಣಿಗೆಯನ್ನು, ಆನೆಗಳ ದಂತಕ್ಕೆ ಕಟ್ಟಿದ ಕತ್ತಿಗಳನ್ನು, ಅಮೀರರನ್ನು ಹೊತ್ತ ಬೆಳ್ಳಿಯ ಮಂಚಗಳನ್ನು ಕಣ್ಣರಳಿಸಿ ಬಣ್ಣಿಸುತ್ತಾನೆ. ಜೊತೆಗೆ, ನಾಡಿನಲ್ಲಿ ಜನ ಬಹಳ, ಹಳ್ಳಿಯ ಜನ ಬಡವರು, ದೊಡ್ಡವರು ಮಾತ್ರ ಸಿರಿವಂತರು ಎಂದೂ ಹೇಳುತ್ತಾನೆ. ಕುದುರೆ ಮಾರಲು ಬಂದವನಿಗೆ ಇದನ್ನು ಕಟ್ಟಿ ಹೇಳಿ ಆಗಬೇಕಾದದ್ದು ಏನೂ ಇರಲಿಲ್ಲ. ಈಗ ಆ ಮೇಷ್ಟ್ರು ಕೇಳಿದ ಪ್ರಶ್ನೆಗೆ ಬರುತ್ತೇನೆ. ಫೆರ್ನಾವ್ ನೂನಿಜ್ ಕೂಡ ಕುದುರೆ ವ್ಯಾಪಾರಿ. 1535ರ ಸುಮಾರಿಗೆ ವಿಜಯನಗರದಲ್ಲಿದ್ದವನು. ಭೂಮಿಯೆಲ್ಲ ಅರಸನದು, ಅವನಿಂದ ನಾಯಕರು ಪಡೆದು ಒಕ್ಕಲಿಗರಿಗೆ ಕೊಡುತ್ತಾರೆ, ಒಕ್ಕಲಿಗರು ಹತ್ತರಲ್ಲಿ ಒಂಬತ್ತು ಪಾಲು ಒಡೆಯನಿಗೆ ಅಳೆಯುತ್ತಾರೆ, ನಾಯಕರ ದಬ್ಬಾಳಿಕೆಯಿಂದ ಸಾಮಾನ್ಯರಿಗೆ ಬಹಳ ಕಷ್ಟ ಎಂದು ಅವನು ಬರೆದಿದ್ದಾನೆ. ಇದನ್ನು ತೋರಿಸಿದರೆ ನಮ್ಮ ಅಭಿಮಾನಿಗಳು, ಪರದೇಶಿಯವನಿಗೆ ನಮ್ಮ ಭೂಹಿಡುವಳಿ ಏನು ಅರ್ಥವಾದೀತು, ಉತ್ಪ್ರೇಕ್ಷೆ ಎನ್ನುತ್ತಾರೆ. ಇದ್ದೀತು. ಹತ್ತರಲ್ಲಿ ಒಂಬತ್ತು ಪಾಲು ಕೊಟ್ಟವನು ಬದುಕಲಾರ ಎಂಬುದು ನನಗೂ ತಿಳಿಯುತ್ತದೆ. ಆದರೆ ಅದೇ ನೂನಿಜ್ 1520ರ ರಾಯಚೂರು ದಂಡಯಾತ್ರೆಯಲ್ಲಿ ಏಳು ಲಕ್ಷ ಮೂರು ಸಾವಿರ ಕಾಲಾಳು ಎಂದಾಗ ನಾವು ಒಂದಂಕಿಯನ್ನೂ ಕಳೆಯದೆ ಕಲ್ಲಿನಲ್ಲಿ ಕೆತ್ತಿಸುತ್ತೇವೆ. ಎರಡನ್ನೂ ಅದೇ ತಕ್ಕಡಿಯಲ್ಲಿ ತೂಗಬೇಡವೆ? ಸೈನ್ಯದ ಅಂಕಿಯನ್ನು ಆಸ್ಥಾನದವರು ಹೇಳಿದ್ದಿರಬೇಕು. ರೈತನ ಅಂಕಿಯನ್ನು ಯಾರೋ ರೈತನೇ ಗೊಣಗಿರಬೇಕು. ಇಬ್ಬರೂ ಹಿಗ್ಗಿಸಿದ್ದಾರೆ. ಗೊಣಗಿದವನಿಗೆ ಗೊಣಗಲು ಕಾರಣವಿತ್ತೆಂಬುದನ್ನಾದರೂ ಒಪ್ಪಬೇಕು. ನೆರೆಯ ಬಹಮನಿ ನಾಡಿನಲ್ಲಿ ನಿಕಿತಿನ್ ಕಂಡದ್ದೂ ಅದನ್ನೇ. ಎರಡು ರಾಜ್ಯಗಳ ನಡುವೆ ಮತದ ಹೆಸರಿನಲ್ಲಿ ಗೋಡೆಯೆಬ್ಬಿಸಿ ಭಾಷಣ ಮಾಡುವವರು ಈ ಎರಡು ಪುಟಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಒಳ್ಳೆಯದು.

ಬೊಲೋನ್ಯದ ವರ್ತೇಮನ ವಿಷಯ ಚುಟುಕಾಗಿ ಹೇಳುತ್ತೇನೆ. 1510ರಲ್ಲಿ ರೋಮಿನಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ, ಪ್ರವಾದಿಯವರ ಸಮಾಧಿ ಗಾಳಿಯಲ್ಲಿ ತೇಲುತ್ತದೆ ಎಂದು ಯುರೋಪು ನಂಬಿದ್ದ ಬುರುಡೆಯನ್ನು ಅವನು ಕಣ್ಣಾರೆ ನೋಡಿ ಅಲ್ಲಗಳೆಯುತ್ತಾನೆ. ಮುಂದೆ ಮೆಕ್ಕಾದಲ್ಲಿ ಎರಡು ಒಂಟಿಕೊಂಬಿನ ಕುದುರೆಗಳನ್ನು ಕಂಡೆ ಎನ್ನುತ್ತಾನೆ! ಭಟ್ಕಳ, ಅಂಕೋಲ, ಹೊನ್ನಾವರ, ಮಂಗಳೂರುಗಳನ್ನು ದಾಟಿ ವಿಜಯನಗರಕ್ಕೆ ಹೋದವನು ಅಲ್ಲಿಯ ಪಣ, ತಾರ, ಕಾಸುಗಳ ಲೆಕ್ಕವನ್ನು ಪೇಟೆಯ ಶೆಟ್ಟರಂತೆ ಬಿಡಿಸಿಡುತ್ತಾನೆ. ಆದರೆ ದೂರದ ಲವಂಗದ್ವೀಪಗಳಿಗೆ ಅವನು ನಿಜವಾಗಿ ಹೋಗಿದ್ದನೆ ಎಂಬ ಬಗ್ಗೆ ವಿದ್ವಾಂಸರಿಗೆ ಅನುಮಾನ. ಆ ಅಧ್ಯಾಯಗಳಲ್ಲಿ ಚಿಲ್ಲರೆ ಲೆಕ್ಕ ತೆಳ್ಳಗಾಗುತ್ತದೆ. ನನ್ನ ಬಿಲ್ಲುಗಳ ಹಾಗೆ.

ಬುರುಡೆದಾಸರ ಚಕ್ರವರ್ತಿ ಎಂದರೆ ಪೋರ್ಚುಗೀಸ್ ಫೆರ್ನಾವ್ ಮೆಂಡೆಸ್ ಪಿಂಟೊ. 1537ರಲ್ಲಿ ಭಾರತಕ್ಕೆ ಬಂದು, 21 ವರ್ಷಗಳಲ್ಲಿ 13 ಬಾರಿ ಸೆರೆಸಿಕ್ಕಿ 17 ಬಾರಿ ಮಾರಾಟವಾದೆನೆಂದು ಹೇಳಿಕೊಂಡವನು. ಜಪಾನನ್ನು ಮೊದಲು ಕಂಡವರಲ್ಲಿ ತಾನೊಬ್ಬನೆಂದವನು. ಅವನು ತೀರಿಕೊಂಡು 31 ವರ್ಷವಾದ ಮೇಲೆ, 1614ರಲ್ಲಿ, ಪುಸ್ತಕ ಹೊರಬಂತು. ‘ಫೆರ್ನಾವ್, ಸುಳ್ಳಾಡುತ್ತೀಯಾ?’ ‘ಆಡುತ್ತೇನೆ’ ಎಂದು ಅರ್ಥ ಬರುವಂತೆ ಅವನ ಹೆಸರನ್ನೇ ತಿರುಚಿ ಪೋರ್ಚುಗೀಸರು ಗಾದೆ ಮಾಡಿಕೊಂಡರು. ಆದರೆ ಅವನ ಪುಸ್ತಕದ ಆರಂಭದಲ್ಲಿಯೇ ನಮ್ಮ ಹೊನ್ನಾವರ ಬರುತ್ತದೆ. ನದಿಯೊಳಗೆ ತಂಗಿದ್ದ ತುರ್ಕರ ಹಡಗೊಂದನ್ನು ಸುಡಲು ಗೋವೆಯ ಕಡೆಯವರು ಹೋಗುತ್ತಾರೆ. ಹೊನ್ನಾವರದ ರಾಣಿಯೊಂದಿಗೆ ಮಾತುಕತೆ ನಡೆಯುತ್ತದೆ. ಕಡೆಗೆ ಹಡಗು ಸುಡಲಾಗದೆ ಸತ್ತವರನ್ನೂ ಗಾಯಾಳುಗಳನ್ನೂ ಹೊತ್ತು ಹಿಂದಿರುಗುತ್ತಾರೆ. ಸುಳ್ಳುಗಾರನು ಸೋಲನ್ನು ಕಟ್ಟುವುದಿಲ್ಲ. ಮುಂದೆ ಚೀನದ ಕಡಲಿನಲ್ಲಿ, ತನ್ನವರೇ ಸೂರೆಹೊಡೆದು ಬಳಿಕ ದೇವರಿಗೆ ಕೈಮುಗಿಯುವುದನ್ನು ಕಂಡ ಒಬ್ಬ ಚಿಕ್ಕ ಹುಡುಗ ಅವರನ್ನು ಮುಖಕ್ಕೆ ಹೊಡೆದಂತೆ ಖಂಡಿಸುತ್ತಾನೆ. ಆ ಹುಡುಗ ಇದ್ದನೋ ಇಲ್ಲವೋ. ಸೂರೆಯಂತೂ ನಡೆದಿತ್ತು. ತನ್ನ ದೇಶದವರು ಕೇಳಲೊಲ್ಲದ ಸತ್ಯವನ್ನು ಹೇಳಿದ್ದಕ್ಕೇ ಅವನಿಗೆ ಸುಳ್ಳುಗಾರನ ಪಟ್ಟ ಬಂತೇನೋ ಎಂಬ ಗುಮಾನಿ ನನ್ನದು. ಬುರುಡೆ ಎಂಬ ಬಿರುದನ್ನು ಕೊಡುವವರು ಯಾರು ಎಂಬುದನ್ನೂ ನೋಡಬೇಕಾಗುತ್ತದೆ.

ಇಷ್ಟು ಹೊತ್ತು ಹೊರಗಿನವರ ಮಾತಾಯಿತು. ನಮ್ಮ ಕಡಲಿನವರು ಏನಾದರು? ಮೊಗವೀರರು, ಖಾರ್ವಿಗಳು, ಬ್ಯಾರಿಗಳು, ನವಾಯತರು ಮೊದಲಾದವರೆಲ್ಲ ನೂರಾರು ವರ್ಷ ಅದೇ ಅಲೆಗಳ ಮೇಲೆ ಹೋಗಿಬಂದರು. ಆದರೆ ಕಾಂಟಿಗೆ ಸಿಕ್ಕಿದಂತೆ ಒಬ್ಬ ಪೊಗ್ಗಿಯೊ ಅವರಿಗೆ ಸಿಗಲಿಲ್ಲ. ಒಬ್ಬನ ಸುಳಿವು ಮಾತ್ರ, ತೀರ ಅನಿರೀಕ್ಷಿತವಾಗಿ, ಉಳಿದುಬಂದಿದೆ. 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಸುಮಾರು 17 ವರ್ಷ ಮಂಗಳೂರಿನಲ್ಲಿ ನೆಲೆಸಿ ಕಬ್ಬಿಣ, ಮೆಣಸು, ಅಡಿಕೆಗಳನ್ನು ಏಡನ್‌ಗೆ ಕಳುಹಿಸುತ್ತಿದ್ದನು. ಅವನ ಪತ್ರಗಳೂ ಲೆಕ್ಕದ ಚೀಟಿಗಳೂ ಹಳೆಯ ಕೈರೋದ ಪ್ರಾರ್ಥನಾ ಮಂದಿರವೊಂದರ ಕಾಗದದ ಕೋಣೆಯಲ್ಲಿ ಎಂಟು ಶತಮಾನ ಉಳಿದುಕೊಂಡವು. ಅವುಗಳಲ್ಲಿ ಅವನ ಊಳಿಗದ ಆಳೊಬ್ಬನ ಹೆಸರು ಮೂರು ಅಕ್ಷರಗಳಲ್ಲಿ ಬರುತ್ತದೆ. ಅಮಿತಾವ್ ಘೋಷ್ ತಮ್ಮ 1992ರ ಪುಸ್ತಕದಲ್ಲಿ ಆ ಜಾಡನ್ನು ಹಿಡಿದು ಮಂಗಳೂರಿಗೆ ಬಂದು, ನಮ್ಮ ವಿವೇಕ ರೈಯವರ ನೆರವಿನಿಂದ ಅದನ್ನು ‘ಬೊಮ್ಮ’ ಎಂದು ಓದಿದರು. ತುಳುನಾಡಿನವನೇ ಇರಬೇಕೆಂದು ಊಹಿಸಿದರು.

ಈ ಬೊಮ್ಮ ಒಡೆಯನ ಸರಕು ತೆಗೆದುಕೊಂಡು 1135ರ ಸುಮಾರಿಗೆ ಏಡನ್‌ಗೆ ಹೋದನು. ಅಲ್ಲಿಯ ವ್ಯಾಪಾರಿ ಪ್ರಮುಖ ಮಡ್ಮುನ್ ಬೆನ್ ಯಿಜುವಿಗೆ ಬರೆದ ಕಾಗದದಲ್ಲಿ, ಸರಕಿನ ಲೆಕ್ಕದ ಜೊತೆಗೆ, ಒಂದು ದೂರೂ ಇದೆ: ನಿನ್ನ ಆಳು ಸಂಬಳದ ಹಣಕ್ಕಾಗಿ ಪೀಡಿಸಿದ, ಕುಡಿದು ತೂರಾಡುತ್ತ ಬರುತ್ತಿದ್ದ, ಹೇಳಿದ ಮಾತು ಕೇಳಲಿಲ್ಲ ಎಂದು. ಕಾಗದ ಬರೆದವನಿಗೆ ಓದುಗರನ್ನು ಬೆರಗುಗೊಳಿಸುವ ಆಸೆಯಿರಲಿಲ್ಲ. ಕೊಟ್ಟ ಹಣಕ್ಕೆ ವಿವರಣೆ ಕೊಡಬೇಕಾಗಿತ್ತು. ಮುಂದೆ ಬೊಮ್ಮ ಒಡೆಯನ ನಂಬಿಕೆಗೆ ಪಾತ್ರನಾದನು. ನಂತರದ ಕಾಗದಗಳಲ್ಲಿ ಏಡನ್‌ನ ದೊಡ್ಡ ವ್ಯಾಪಾರಿಗಳು ಅವನಿಗೂ ಕುಶಲ ತಿಳಿಸುತ್ತಾರೆ. ಅವನು ಮುದುಕನಾದ ಮೇಲೆ ನೇತ್ರಾವತಿಯ ದಂಡೆಯಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಏಡನ್‌ನ ಕಥೆ ಹೇಳಿದ್ದರೆ ಏನು ಹೇಳಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ. ಹಡಗಿನಷ್ಟು ದೊಡ್ಡ ಮೀನು ಖಂಡಿತ ಬಂದಿರುತ್ತದೆ. ಬೆಂಕಿಯುಗುಳುವ ಬೆಟ್ಟವೂ ಬಂದಿರಬಹುದು. ಮಡ್ಮುನ್ ಸಾಹುಕಾರ ತನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಪಚರಿಸಿದನೆಂದೂ ಹೇಳಿರುತ್ತಾನೆ. ಕುಡಿದು ಬಂದು ಗಲಾಟೆ ಮಾಡಿದ್ದನ್ನು ಮಾತ್ರ ಹೇಳಿರಲಾರ.